ಪಟ್ಟಿಯಲ್ಲಿ ಏಳನೆಯದು

ನಾಲ್ಕು ಗಂಟೆ ದಾಟಿ ಏಳು ನಿಮಿಷವಾಗಿತ್ತು. ಅಕ್ಕ ಇನ್ನೂ ಅಡುಗೆಮನೆಯಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದಳು. ಹೆಬ್ಬೆರಳಿನ ಉಗುರಿನಿಂದ ಕಾಯಿಯ ಬೆನ್ನು ಸೀಳಿ, ಕಾಳುಗಳನ್ನು ಒಂದೇ ಎಳೆತಕ್ಕೆ ಬಟ್ಟಲಿಗೆ ಉದುರಿಸಿ, ಸಿಪ್ಪೆಯನ್ನು ಎಡಗಡೆ ಹಾಕಿ, ಮತ್ತೊಂದು ಕಾಯಿ. ಕಾಳು ಸ್ಟೀಲ್ ಬಟ್ಟಲಿಗೆ ಬೀಳುವ ಸದ್ದು ಅವಳಿಗೆ ಕೇಳುವುದಿಲ್ಲ; ಹುಟ್ಟಿದಾಗಿನಿಂದ ಯಾವ ಸದ್ದೂ ಕೇಳಿಲ್ಲ. ಪಾತ್ರೆ ಒರೆಸುತ್ತ ನಿಂತಿದ್ದ ತಂಗಿಗೆ ಮಾತ್ರ ಒಂದೊಂದು ಕಾಳೂ ಕೇಳುತ್ತಿತ್ತು, ಯಾರೋ ಎಣಿಸುತ್ತಿರುವ ಹಾಗೆ. ನಾಲ್ಕು ವರ್ಷದಿಂದ ಈ ಹೊತ್ತಿಗೆ ಅಕ್ಕ ಅಡುಗೆಮನೆಯಲ್ಲಿ ಇದ್ದದ್ದೇ ಇಲ್ಲ. ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಮುಖ ತೊಳೆದು, ತಲೆ ಬಾಚಿ, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕುರ್ಚಿ ತಿರುಗಿಸಿ, ಮಹಡಿಯ ತನ್ನ ಕೋಣೆಯಲ್ಲಿ ಟ್ಯಾಬಿನ ಮುಂದೆ ಕೂರುತ್ತಿದ್ದಳು. ಕಿವುಡ ಮಕ್ಕಳ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಬೆಳೆದ ಗೆಳತಿ ದೂರದ ಊರಿನಿಂದ ತೆರೆಯ ಮೇಲೆ ಬರುತ್ತಿದ್ದಳು. ಐದರವರೆಗೆ ಇಬ್ಬರ ಕೈಗಳಿಗೂ ಬಿಡುವಿರುತ್ತಿರಲಿಲ್ಲ. ಆ ಅಕ್ಕ ಹನ್ನೊಂದು ದಿನದಿಂದ ನಾಲ್ಕು ಗಂಟೆಗೆ ಕೆಳಗಿದ್ದಾಳೆ. ಮೊದಲ ದಿನ ತಂಗಿಗೆ ಸಂತೋಷವೇ ಆಯಿತು, ಪರವಾಗಿಲ್ಲವೇ, ಕೈಗೊಂದು ಆಸರೆಯಾಯಿತಲ್ಲ ಎಂದು. ಎರಡನೆಯ ದಿನ ತೆಂಗಿನಕಾಯಿ ತುರಿಸಿಕೊಂಡಳು. ಮೂರನೆಯ ದಿನ ಇಸ್ತ್ರಿ. ಆಮೇಲಾಮೇಲೆ ಆ ಸಂತೋಷಕ್ಕೆ ಏನೋ ಹುಳಿ ಹತ್ತಿಕೊಂಡಿತು. ಬಟಾಣಿ ಬಿಡಿಸುವವಳ ಮುಖದಲ್ಲಿ ಬಟಾಣಿಯ ಮೇಲೆ ಆಸಕ್ತಿಯೇ ಇರಲಿಲ್ಲ. ಗಡಿಯಾರದ ಕಡೆ ಬೆನ್ನು ಮಾಡಿಕೊಂಡು ಕೂತಿದ್ದಳು.

ಕೇಳಬೇಕು ಅನಿಸಿತು. ಕೈಯಲ್ಲಿದ್ದ ಬಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಅಕ್ಕನ ಭುಜ ಮುಟ್ಟಿ, ಮೇಲೆ ಬೆರಳು ತೋರಿಸಿ, 'ಹೋಗು' ಎಂದು ಕೈ ಬೀಸಿದಳು. ಅಕ್ಕ ತಲೆಯೆತ್ತಿ ನೋಡಿದಳು. ಕೋಪವೇನೂ ಇಲ್ಲ, ಆದರೆ ಆ ನೋಟ ತಂಗಿಯ ಮುಖ ಬಿಟ್ಟು ಕೈಯ ಮೇಲೆ ಒಂದು ಕ್ಷಣ ನಿಂತು, ಮತ್ತೆ ಬಟ್ಟಲಿಗಿಳಿಯಿತು. ಯಾಕೆ ಹೋಗಲಿಲ್ಲ ಎಂದು ಕೇಳಹೋದದ್ದು, 'ಇಲ್ಲಿಂದ ಹೋಗು' ಎಂದಂತಾಯಿತೇ? ತಂಗಿ ನಾಲಿಗೆ ಕಚ್ಚಿಕೊಂಡಳು. ಈ ಕೈಗಳಿಗೆ ಗೊತ್ತಿರುವುದೇ ಅಷ್ಟು. ಬಾ, ಹೋಗು, ಊಟ, ಸ್ನಾನ, ಮಲಗು, ಯಾರೋ ಬಂದಿದ್ದಾರೆ ಒಳಗೆ ಹೋಗು. ಮನೆಯಲ್ಲಿ ಚಿಕ್ಕಂದಿನಿಂದ ತಾವು ತಾವೇ ಕಟ್ಟಿಕೊಂಡ ಸನ್ನೆಗಳು. ಅಕ್ಕ ಶಾಲೆಗೆ ಹೋಗಿ ನಿಜವಾದ ಕೈಭಾಷೆ ಕಲಿತು ರಜೆಗೆ ಬಂದಾಗ, ಹತ್ತು ವರ್ಷದ ತಂಗಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಕಲಿಸಲು ನೋಡಿದ್ದಳು. ಬೀದಿಯ ಹುಡುಗಿಯರು ನೋಡುತ್ತಿದ್ದರು. ತಂಗಿ ಎರಡೂ ಕೈಗಳನ್ನು ಲಂಗದ ಅಡಿಗೆ ಸೇರಿಸಿಕೊಂಡು ಕೂತುಬಿಟ್ಟಿದ್ದಳು. ಅಕ್ಕ ಸ್ವಲ್ಪ ಹೊತ್ತು ಕಾದು, ನಕ್ಕು, ಎದ್ದು ಹೋಗಿದ್ದಳು. ಲಂಗದ ಅಡಿಯಲ್ಲಿ ಬೆವೆತ ಆ ಅಂಗೈಗಳ ಬಿಸಿ ಈಗಲೂ ಒಮ್ಮೊಮ್ಮೆ ಅವಳಿಗೆ ನೆನಪಾಗುತ್ತದೆ, ಹೀಗೆ ಪಾತ್ರೆ ಒರೆಸುವಾಗ. ವಿಚಿತ್ರವೆಂದರೆ ಅವಳು ಈಗ ಹೊಟ್ಟೆ ಹೊರೆಯುವುದು ಕಿವಿಯಿಂದ. ವೈದ್ಯರು ಧ್ವನಿಮುದ್ರಿಸಿ ಕಳಿಸುವ ಟಿಪ್ಪಣಿಗಳನ್ನು ಮನೆಯಲ್ಲೇ ಕೂತು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವ ಕೆಲಸ. ಆಕಳಿಸುತ್ತ, ಅಗಿಯುತ್ತ, ಕಾರು ಓಡಿಸುತ್ತ ಮಾತಾಡುವ ವೈದ್ಯರು. ಅವರು ನುಂಗಿದ ಅಕ್ಷರವನ್ನೂ ಅವಳು ಹಿಡಿಯುತ್ತಾಳೆ. ಅಷ್ಟು ಚುರುಕು ಕಿವಿ ಎಂದು ಕಚೇರಿಯ ಮೇಲಿನವರು ಒಮ್ಮೆ ಹೊಗಳಿದ್ದರು.

ಅದೇ ಮೇಲಿನವರು ಮೂರು ವಾರದ ಹಿಂದೆ ಫೋನು ಮಾಡಿ, "ನೋಡಿ, ನಿಮ್ಮ ಮನೆ ಇಂಟರ್ನೆಟ್ಟು ನಮ್ಮ ತಲೆನೋವಲ್ಲ. ಫೈಲು ಎರಡು ಗಂಟೆಗೆ ಬರಬೇಕು ಅಂದ್ರೆ ಎರಡು ಗಂಟೆಗೆ ಬರಬೇಕು," ಎಂದಿದ್ದರು. ಅಷ್ಟು ವಯಸ್ಸಾದವಳಿಗೆ ಶಾಲೆಯ ಹುಡುಗಿಗೆ ಹೇಳಿದಂತೆ. ಮುಖ ಬಿಸಿಯಾಗಿ ಅವಳು ತಕ್ಷಣ ಲೈನಿನವರನ್ನು ಕರೆಸಿದಳು. ಬಂದವರು ಮೀಸೆಯೆಲ್ಲ ಬಿಳಿಯಾದ ದೊಡ್ಡ ಮನುಷ್ಯ. ಟಿವಿ ಕೇಬಲ್ಲಿನ ಕಾಲದಿಂದ ಈ ಬೀದಿಯ ತಂತಿಗಳನ್ನೆಲ್ಲ ಎಳೆದವರು, ಯಾವ ಮನೆಯ ಗೋಡೆಯಲ್ಲಿ ಎಲ್ಲಿ ತೂತಿದೆ ಎಂದು ಆ ಮನೆಯವರಿಗಿಂತ ಚೆನ್ನಾಗಿ ಬಲ್ಲವರು. ಹೊಸ ಪೆಟ್ಟಿಗೆಯೊಂದನ್ನು ಹಜಾರದ ಗೋಡೆಗೆ ತಗುಲಿಸಿ, ಅದರ ಹಸಿರು ದೀಪ ಹೊತ್ತಿಕೊಳ್ಳುವವರೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಅಮ್ಮಾ, ನನ್ನ ಲೈನು ಚೆನ್ನಾಗೇ ಇದೆ. ಜಗಳ ಇರೋದು ನಿಮ್ಮನೆ ಒಳಗೆ."

"ನಮ್ಮನೇಲಿ ಯಾರೂ ಜಗಳ ಆಡಲ್ಲಪ್ಪ."

"ನೀವಾಡಲ್ಲ. ನಿಮ್ಮ ಫೋನುಗಳು ಆಡ್ತವೆ. ಒಂದೇ ಬಾಗಿಲಲ್ಲಿ ಏಳು ಜನ ಒಟ್ಟಿಗೆ ನುಗ್ಗಿದ್ರೆ ಏನಾಗುತ್ತೆ? ಅದಕ್ಕೇ ಈ ಪೆಟ್ಟಿಗೇಲಿ ಪಟ್ಟಿ ಇದೆ. ಯಾರು ಮೊದಲು ಹೋಗಬೇಕು, ಯಾರು ಆಮೇಲೆ, ನೀವೇ ಬರ್ಕೊಳ್ಳಿ. ಜೊತೆಗೆ ಕಂಪನಿಯವರೇ ಒಂದು ಏರ್ಪಾಡು ಮಾಡಿಟ್ಟಿದ್ದಾರೆ. ಮಾತು ಮೊದಲು, ವಿಡಿಯೋ ಗಿಡಿಯೋ ಎಲ್ಲ ಆಮೇಲೆ. ಮಾತು ಅಂದ್ರೆ ಅವಸರದ್ದು. ಸಿನಿಮಾ ಕಾಯಬಹುದು, ಅಲ್ವಾ?"

"ಹೌದು ಮತ್ತೆ," ಎಂದಿದ್ದಳು ಅವಳು. ಆಮೇಲೆ, ತನ್ನ ಸ್ವಭಾವವೇ ಹಾಗಾದ್ದರಿಂದ, "ಆದ್ರೆ ಯಾವುದು ಮಾತು ಯಾವುದು ಸಿನಿಮಾ ಅಂತ ಪೆಟ್ಟಿಗೆಗೆ ಹೇಗೆ ಗೊತ್ತಾಗುತ್ತೆ? ಒಳಗೆ ಬಿಚ್ಚಿ ನೋಡುತ್ತಾ?" ಎಂದು ಕೇಳಿದಳು.

ಲೈನಿನವರು ಮೀಸೆ ಸವರಿಕೊಂಡರು. "ಮೂವತ್ತು ವರ್ಷದಿಂದ ತಂತಿ ಎಳೀತಿದ್ದೀನಿ. ಒಬ್ಬರೂ ಈ ಪ್ರಶ್ನೆ ಕೇಳಿಲ್ಲ ನೋಡಿ. ನೀವು ಕೇಳಿದ್ದು ಚೆನ್ನಾಗಿದೆ. ನನಗೆ ಗೊತ್ತಿಲ್ಲ."

ಆ ಸಂಜೆ ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಯ ಪುಟ ತೆರೆದು ನೋಡಿದಾಗ, ತನ್ನ ಮನೆಯನ್ನೇ ಯಾವುದೋ ಕಿಂಡಿಯಿಂದ ನೋಡಿದ ಹಾಗಾಯಿತು. ಏಳು ಸಾಲುಗಳು. ತನ್ನ ಲ್ಯಾಪ್‌ಟಾಪು, ತನ್ನ ಫೋನು, ಗಂಡನ ಫೋನು, ಮಗಳ ಎರಡು, ಟಿವಿ. ಏಳನೆಯದಕ್ಕೆ ಹೆಸರಿರಲಿಲ್ಲ, ಅಕ್ಷರ ಅಂಕಿ ಕಲಸಿದ ಒಂದು ಉದ್ದನೆಯ ಸಾಲು ಅಷ್ಟೇ. ಊಟದ ಹೊತ್ತಿಗೆ, ಒಲೆಯ ಮೇಲಿನ ರೊಟ್ಟಿ ಮಗುಚುತ್ತ, ಬೆನ್ನ ಹಿಂದಿನ ಮೇಜಿಗೆ ಕೇಳುವಂತೆ, "ನಮ್ಮ ನೆಟ್ಟಲ್ಲಿ ಏಳು ಜನ ಇದ್ದಾರೆ, ಆ ಏಳನೇದು ಯಾರದು?" ಎಂದು ಗಟ್ಟಿಯಾಗಿ ಕೇಳಿದ್ದಳು. ನನ್ನದಲ್ಲ, ಎಂದ ಗಂಡ. ನಂದೂ ಅಲ್ಲ, ಎಂದಳು ಮಗಳು, ಫೋನಿನಿಂದ ಕಣ್ಣೆತ್ತದೆ. ಹಾಗಾದರೆ ಪಕ್ಕದ ಮನೆಯಾಕೆಯೇ ಇರಬೇಕು, ಹೋದ ತಿಂಗಳು ಒಂದು ದಿನದ ಮಟ್ಟಿಗೆ ಎಂದು ಪಾಸ್‌ವರ್ಡ್ ಇಸಿದುಕೊಂಡಿದ್ದಳಲ್ಲ. ಅಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿತು, ಯಾಕೆಂದರೆ ಮಗಳಿಗೆ ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಇದೇ ವಿಷಯ ಬಂದಿತ್ತು. ನೆಟ್ ನ್ಯೂಟ್ರಾಲಿಟಿ, ಅಂದರೆ ಇಂಟರ್ನೆಟ್ ಕಂಪನಿ ತನ್ನ ತಂತಿಯಲ್ಲಿ ಹೋಗುವ ಎಲ್ಲವನ್ನೂ ಒಂದೇ ಸಮ ಕಾಣಬೇಕೋ ಬೇಡವೋ. ಚೀಟಿ ಎತ್ತಿದಾಗ ಅವಳಿಗೆ 'ಬೇಡ' ಎಂಬ ಪಕ್ಷ ಬಂದಿತ್ತು.

"ಆಂಬುಲೆನ್ಸ್ ಬಂದ್ರೆ ದಾರಿ ಬಿಡಲ್ವಾ ಅಪ್ಪ? ಹಾಗೇ ಇದು. ಎಲ್ಲದಕ್ಕೂ ಸಮ ಅಂದ್ರೆ ಆಂಬುಲೆನ್ಸೂ ಸಿಗ್ನಲ್ಲಲ್ಲಿ ನಿಲ್ಲಬೇಕಾ?"

ಗಂಡ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವವನು. ತುತ್ತು ಬಾಯಿಗಿಡದೆ ಹಿಡಿದುಕೊಂಡೇ, "ಅದು ಆಂಬುಲೆನ್ಸು ಅಂತ ಹೇಳೋರು ಯಾರು? ಕಂಪನಿಯವನು ತನ್ನ ಗಾಡಿಗೆಲ್ಲ ತಾನೇ ಕೆಂಪು ದೀಪ ಕಟ್ಟಿಕೊಂಡ್ರೆ? ತಕ್ಕಡಿಗೆ ಕಣ್ಣಿರಬಾರದಮ್ಮ. ಮೇಲಿಟ್ಟಿರೋದು ಅಕ್ಕಿನೋ ಕಬ್ಬಿಣನೋ ಅಂತ ಅದಕ್ಕೆ ಗೊತ್ತಾಗ್ತಿದ್ರೆ ಅಂಥ ತಕ್ಕಡಿನ ನಾನು ಅವತ್ತೇ ಜಪ್ತಿ ಮಾಡ್ತೀನಿ," ಎಂದ.

"ನಿನ್ನ ಹತ್ರ ಮಾತಾಡಿದ್ರೆ ನಾನು ಸೋಲ್ತೀನಿ, ಬಿಡು," ಎಂದು ಮಗಳು ಮುಖ ಊದಿಸಿದಳು, ಎಲ್ಲರೂ ನಕ್ಕರು. ಮೇಜಿನ ತುದಿಯಲ್ಲಿ ಅಕ್ಕ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು. ಎಲ್ಲ ಬಾಯಿಗಳೂ ಒಟ್ಟಿಗೆ ಆಡತೊಡಗಿದರೆ ಅವಳು ಹಾಗೆ ತಟ್ಟೆ ನೋಡುವುದು ವಾಡಿಕೆ. ನಗು ಕಂಡಾಗ ತಲೆಯೆತ್ತಿ, ತಾನೂ ಸ್ವಲ್ಪ ನಕ್ಕಳು.

ಎಲ್ಲರೂ ಎದ್ದ ಮೇಲೆ ತಂಗಿ ಪಟ್ಟಿಯ ಮುಂದೆ ಒಬ್ಬಳೇ ಕೂತಳು. ಸಾಲುಗಳನ್ನು ಬೆರಳಿನಿಂದ ಹಿಡಿದು ಮೇಲಕ್ಕೂ ಕೆಳಕ್ಕೂ ಎಳೆಯಬಹುದಿತ್ತು. ಎಷ್ಟು ಹಗುರ! ಈ ಮನೆಯಲ್ಲಿ ಅವಳು ಎಂದೂ ಕೊನೆಗೆ ಉಂಡವಳು, ಕೊನೆಗೆ ಬಚ್ಚಲಿಗೆ ಹೋದವಳು, ಪತ್ರಿಕೆ ಮಡಿಕೆ ಬಿಟ್ಟ ಮೇಲೆ ಓದಿದವಳು. ಹಾಗೆಂದು ಯಾರ ಮೇಲೂ ದೂರಿಲ್ಲ, ಅದು ಹಾಗೆ ನಡೆದುಬಂದದ್ದು. ಆದರೆ ತನ್ನ ಲ್ಯಾಪ್‌ಟಾಪನ್ನು ಎಳೆದು ಎಲ್ಲಕ್ಕಿಂತ ಮೇಲೆ ಇಟ್ಟಾಗ ಎದೆಯೊಳಗೆ ಸಣ್ಣಗೆ ಕಚಗುಳಿಯಿಟ್ಟಂತಾಯಿತು, ಯಾರಿಗೂ ಕಾಣದೆ ಸಕ್ಕರೆ ಬಾಯಿಗೆ ಹಾಕಿಕೊಂಡ ಹಾಗೆ. ಏಳನೆಯದು ಏಳನೆಯದಾಗೇ ಉಳಿಯಿತು. ಅದರ ಪಕ್ಕದಲ್ಲಿ 'ಮಿತಿ' ಎಂಬ ಒಂದು ಗುಂಡಿಯಿತ್ತು, ತಿರುಗಿಸಿದಷ್ಟೂ ದಾರಿ ಕಿರಿದಾಗುತ್ತಿತ್ತು. ಪೂರ್ತಿ ಮುಚ್ಚಿಬಿಡಬಹುದಿತ್ತು. ಪಾಪ, ಕದ್ದು ಬಳಸುವವರಿಗೂ ಏನಾದರೂ ಅವಸರವಿರಬಹುದು ಎಂದು, ಮುಚ್ಚುವುದಕ್ಕೆ ಒಂದೇ ಗೆರೆ ಮೊದಲು ನಿಲ್ಲಿಸಿದಳು. ಅಷ್ಟು ಉದಾರಿ ತಾನು ಎಂದು ಆ ಹೊತ್ತು ಅನಿಸಿದ್ದೂ ಉಂಟು. ಮರುದಿನದಿಂದ ಪಕ್ಕದ ಮನೆಯಾಕೆ ಬೀದಿಯಲ್ಲಿ ಸಿಕ್ಕಾಗ ನಗುವನ್ನು ಅರ್ಧಕ್ಕೇ ನಿಲ್ಲಿಸುವುದು ರೂಢಿಯಾಯಿತು. ಆಕೆ ಪಾಪ ತಾನೇನು ತಪ್ಪು ಮಾಡಿದೆನೋ ಎಂಬಂತೆ ಹಿಂದಿರುಗಿ ನೋಡುತ್ತಿದ್ದಳು. ಫೈಲುಗಳು ಮಾತ್ರ ಎರಡು ಗಂಟೆಗೆ ಹತ್ತು ನಿಮಿಷ ಮೊದಲೇ ಹೋಗುತ್ತಿದ್ದವು.

ಮಗಳು ಶಾಲೆಯಿಂದ ಬಂದು ಚೀಲ ಎಸೆದ ಸದ್ದಿಗೆ ತಂಗಿ ಬೆಚ್ಚಿದಳು. ಕೈಯಲ್ಲಿ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. ಮಗಳು ಸೀದಾ ದೊಡ್ಡಮ್ಮನ ಎದುರು ನೆಲದ ಮೇಲೆ ಕೂತು, ಬಟಾಣಿ ಬಾಯಿಗೆ ಹಾಕಿಕೊಳ್ಳುತ್ತಲೇ ಕೈಯಾಡಿಸತೊಡಗಿದಳು. ಈ ಹುಡುಗಿ ಮಾತು ಕಲಿಯುವ ಮೊದಲೇ ದೊಡ್ಡಮ್ಮನ ಮಡಿಲಲ್ಲಿ ಕೂತು ಕೈಭಾಷೆ ಕಲಿತವಳು. ಅವಳ ಬೆರಳುಗಳು ಆಡುವಾಗ ತಾಯಿಗೆ ಯಾವಾಗಲೂ ಹೆಮ್ಮೆಯ ಜೊತೆಗೆ ಇನ್ನೊಂದೂ ಆಗುತ್ತದೆ, ಮುಚ್ಚಿದ ಬಾಗಿಲಿನಾಚೆ ನಗು ಕೇಳಿದಾಗ ಆಗುವಂಥದ್ದು. ಅಕ್ಕ ಎರಡು ಮಾತಿಗೆ ಒಂದು ಉತ್ತರ ಕೊಟ್ಟಳು. ಸಿಪ್ಪೆಯನ್ನು ಬಾಚಿಕೊಂಡು ಹಿತ್ತಿಲಿಗೆ ಎದ್ದು ಹೋದಳು.

"ದೊಡ್ಡಮ್ಮ ಯಾಕೆ ನಾಲ್ಕು ಗಂಟೆಗೆ ಮೇಲೆ ಹೋಗ್ತಿಲ್ಲ?" ಎಂದು ತಾಯಿ ಕೇಳಿದಳು.

"ಈಗ ಕೇಳ್ತಿದ್ದೀಯಾ? ಹನ್ನೊಂದು ದಿನ ಆಯ್ತು."

"ನನಗೇನು ಕನಸು ಬೀಳುತ್ತಾ? ಹೇಳೇ."

ಮಗಳು ಹಿತ್ತಿಲ ಬಾಗಿಲಿನ ಕಡೆ ನೋಡಿದಳು, ಅಲ್ಲಿಂದ ಕೇಳಿಸೀತೇನೋ ಎಂಬಂತೆ. "ಆ ಆಂಟಿಗೆ ದೊಡ್ಡಮ್ಮನ ಮೇಲೆ ಬೇಜಾರು ಬಂದಿದೆಯಂತೆ. ಹೇಳ್ತಾ ಇದ್ರೆ ಮುಖ ಕಲ್ಲಿನ ಹಾಗೆ ಇಟ್ಕೊಂಡು ಕೂರ್ತಾರಂತೆ. ಒಂದೊಂದು ಸಲ ಎಲ್ಲೋ ನೋಡ್ತಾರಂತೆ. ಕೊನೇ ದಿನ ಕಣ್ಣಿನ ವಿಷಯ ಹೇಳ್ತಿದ್ದಾಗ ನಕ್ಕುಬಿಟ್ರಂತೆ. ಸುಮ್ಮನೆ ಅಲ್ಲ, ಬಾಯಿ ತೆಗೆದು, ತೊಡೆ ತಟ್ಟಿಕೊಂಡು."

"ಯಾವ ಕಣ್ಣು?"

ಮಗಳು ಬಾಯಿಗಿಟ್ಟ ಬಟಾಣಿಯನ್ನು ಹಾಗೇ ಹಿಡಿದುಕೊಂಡಳು. "ನಿನಗೆ ಹೇಳಬೇಡ ಅಂದಿದ್ರು. ನನಗೂ ನಿನ್ನೆನೇ ಗೊತ್ತಾಗಿದ್ದು. ಬಲಗಣ್ಣು, ಪಕ್ಕದಿಂದ ಕತ್ತಲೆ ಬರ್ತಿದೆಯಂತೆ. ಒಬ್ಬರೇ ಬಸ್ಸಲ್ಲಿ ಹೋಗಿ ತೋರಿಸಿಕೊಂಡು ಬಂದಿದ್ದಾರೆ. ಹಾಗೇ ಬಿಟ್ರೆ ಜಾಸ್ತಿ ಆಗುತ್ತೆ ಅಂತ ಡಾಕ್ಟ್ರು ಬರೆದು ಕೊಟ್ಟಿದ್ದಾರೆ. ನಿನಗೆ ಕೆಲಸ ಜಾಸ್ತಿ, ಸುಮ್ಮನೆ ತಲೆ ಕೆಡಿಸಬಾರದು ಅಂದ್ರು."

ತಾಯಿ ಗೋಡೆಗೆ ಒರಗಿದಳು. ಎಷ್ಟು ಜನರ ಕಣ್ಣಿನ ಟಿಪ್ಪಣಿಗಳು ಅವಳ ಕಿವಿಯ ಮೂಲಕ ಹಾದುಹೋಗಿವೆ. ಪಕ್ಕದಿಂದ ಬರುವ ಕತ್ತಲೆ ಎಂದರೇನೆಂದು ಕಾಗುಣಿತ ತಪ್ಪದೆ ಬರೆಯಬಲ್ಲಳು. ಅಕ್ಕನಿಗೆ ಕಣ್ಣೆಂದರೆ ಕಿವಿ, ಬಾಯಿ, ಬೀದಿ, ಜನ. ಆ ಸುದ್ದಿಯನ್ನು ಅವಳು ಎತ್ತಿಕೊಂಡು ಹೋದದ್ದು ತಂಗಿಯ ಹತ್ತಿರಕ್ಕಲ್ಲ, ಗೆಳತಿಯ ಹತ್ತಿರಕ್ಕೆ. ಆ ಗೆಳತಿ ತೊಡೆ ತಟ್ಟಿ ನಕ್ಕಳು. ಯಾಕೆ ನಕ್ಕಳು? ಒಳಗೆ ಆ ಪ್ರಶ್ನೆಯೊಂದು ನೆಟ್ಟಗೆ ನಿಂತುಬಿಟ್ಟಿತು. ಮೂವತ್ತು ವರ್ಷದ ಗೆಳತಿ ಅಂಥ ಮಾತಿಗೆ ನಗುವುದಿಲ್ಲ. ಅವಳು ಬೇರೆ ಯಾವುದಕ್ಕೋ ನಕ್ಕಿದ್ದಾಳೆ.

"ಅದಕ್ಕೆ ಮುಂಚೆ ದೊಡ್ಡಮ್ಮ ಏನು ಹೇಳ್ತಿದ್ರಂತೆ?"

"ಅದಾ? ಕ್ಲಿನಿಕ್ಕಿನಲ್ಲಿ ಹೆಸರು ಬರ್ಕೊಳ್ಳೋಳ ಕಥೆ. ನನಗೂ ಹೇಳಿದ್ರು. ಕಿವಿ ಕೇಳಲ್ಲ ಅಂತ ಚೀಟೀಲಿ ಬರೆದು ಕೊಟ್ರೆ, ಆಯಮ್ಮ ಆ ಚೀಟೀನೇ ದೊಡ್ಡಮ್ಮನ ಕಿವಿ ಹತ್ರ ಇಟ್ಟು ಗಟ್ಟಿಯಾಗಿ ಓದಿದಳಂತೆ!" ಮಗಳು ನಕ್ಕಳು, ಆಮೇಲೆ ನಗುವನ್ನು ತಾನೇ ಒರೆಸಿಕೊಂಡಳು. "ನೆಟ್ ಸ್ಲೋ ಇರಬೇಕು, ನಗು ಲೇಟಾಗಿ ಬಂದಿರುತ್ತೆ ಅಂದೆ ಅಮ್ಮ. ದೊಡ್ಡಮ್ಮ ಒಪ್ಪಲ್ಲ. ಮನೇಲಿ ನಿಮ್ಮೆಲ್ಲರದೂ ಚೆನ್ನಾಗೇ ಓಡ್ತಿದೆಯಲ್ಲ, ನಂದೊಂದೇ ಯಾಕೆ ನಿಲ್ಲುತ್ತೆ ಅಂತಾರೆ. ನನಗೆ ಉತ್ತರ ಹೊಳೀಲಿಲ್ಲ."

ತಾಯಿಗೆ ಹೊಳೆಯಿತು. ಹೊಳೆದದ್ದು ಬೆಳಕಿನಂತೆ ಅಲ್ಲ, ಕೆಳಗಿನ ಮೆಟ್ಟಿಲು ಇದೆಯೆಂದು ಕಾಲಿಟ್ಟು ಇಲ್ಲದಾದಾಗ ಆಗುವಂತೆ. ಅವಳು ಹಜಾರಕ್ಕೆ ಹೋಗಿ ಲ್ಯಾಪ್‌ಟಾಪು ತೆರೆದಳು. ಏಳನೆಯ ಸಾಲನ್ನು ಒತ್ತಿದಳು. ಅದರೊಳಗೆ ಇಷ್ಟು ದಿನ ನೋಡದ ಒಂದು ಚಿತ್ರವಿತ್ತು, ಯಾವ ಹೊತ್ತಿಗೆ ಎಷ್ಟು ಬಳಕೆ ಎಂಬ ಗೆರೆ. ಪೆಟ್ಟಿಗೆ ಬಂದ ದಿನ, ನಾಲ್ಕರಿಂದ ಐದರವರೆಗೆ ಒಂದು ಎತ್ತರದ ದಿಣ್ಣೆ. ಮಾರನೆಯ ದಿನದಿಂದ ಅದೇ ಹೊತ್ತಿಗೆ ಅದೇ ದಿಣ್ಣೆ, ಆದರೆ ತಲೆಯನ್ನು ಯಾರೋ ಕೊಡಲಿಯಿಂದ ಹಾರಿಸಿದಂತೆ ಚಪ್ಪಟೆ. ಹಾಗೆ ಹತ್ತು ದಿನ. ಅಕ್ಕ ಹತ್ತು ದಿನ ಪ್ರಯತ್ನ ಬಿಟ್ಟಿರಲಿಲ್ಲ. ಆಮೇಲೆ ಹನ್ನೊಂದು ದಿನ ಬರೀ ನೆಲ. ತಂಗಿ ಆ ಗೆರೆಯ ಮೇಲೆ ಬೆರಳಾಡಿಸಿದಳು. ಅಕ್ಕನ ಟ್ಯಾಬು ತನಗೆ ಅವತ್ತು ಯಾಕೆ ನೆನಪಾಗಲೇ ಇಲ್ಲ? ದಿನಾ ಅದರ ಧೂಳು ಒರೆಸುವವಳು ತಾನು. ಇಂಟರ್ನೆಟ್ ಎಂದರೆ ಅವಳಿಗೆ ಸದ್ದು ಮಾಡುವಂಥದ್ದು. ಮಗಳ ಕೋಣೆಯ ಹಾಡು, ಗಂಡನ ಫೋನಿನ ವಾರ್ತೆ, ತನ್ನ ಕಿವಿಯ ವೈದ್ಯರು. ಮಹಡಿಯ ಆ ಕೋಣೆ ಮನೆಯಲ್ಲೇ ಅತ್ಯಂತ ನಿಶ್ಶಬ್ದವಾದದ್ದು. ಅಲ್ಲಿ ಪ್ರತಿದಿನ ಒಂದು ಗಂಟೆ ಮಾತು ನಡೆಯುತ್ತಿತ್ತು. ಅದನ್ನು ಕಂಪನಿ ಸಿನಿಮಾ ಎಂದುಕೊಂಡಿತು, ತಾನು ಕಳ್ಳತನ ಎಂದುಕೊಂಡಳು.

ಮಿತಿಯ ಗುಂಡಿಯನ್ನು ಪೂರ್ತಿ ತಿರುಗಿಸಿ ಬಿಟ್ಟಳು. ಸಾಲನ್ನು ಹಿಡಿದು ಎಳೆದಳು. ಎಲ್ಲಿಡುವುದು? ಮೊದಲಕ್ಕೆ ಇಟ್ಟಳು, ತನ್ನದು ಎರಡನೆಯದಾಯಿತು. ಎರಡು ಗಂಟೆಯ ಫೈಲು ನೆನಪಾಗಿ ಕೈ ಸುಮ್ಮನೆ ನಿಂತಿತು. ಆ ನಿಂತ ಕೈಯನ್ನು ನೋಡಿ ಅವಳಿಗೇ ನಾಚಿಕೆಯಾಯಿತು. ಪುಟದ ಕೆಳಗೆ 'ಯಾವ ಕ್ರಮವೂ ಬೇಡ' ಎಂಬುದೊಂದಿತ್ತು. ಅದನ್ನು ಒತ್ತಿದಾಗ ಸಾಲುಗಳ ಮುಂದಿನ ಅಂಕಿಗಳೆಲ್ಲ ಅಳಿಸಿಹೋದವು. ಆಮೇಲೆ ಲೈನಿನವರಿಗೆ ಫೋನು ಮಾಡಿದಳು.

"ಆ ಮಾತು ಮೊದಲು ಅನ್ನೋದನ್ನ ತೆಗೀಬಹುದಾ?"

"ಯಾಕಮ್ಮಾ, ನಿಮಗೆ ಮಾತು ಬೇಡ್ವಾ?"

"ನಮ್ಮಕ್ಕ ಕೈಯಲ್ಲಿ ಮಾತಾಡ್ತಾಳೆ. ನಿಮ್ಮ ಪೆಟ್ಟಿಗೆ ಅದನ್ನ ಸಿನಿಮಾ ಅಂತ ಹಿಂದೆ ತಳ್ತಿದೆ."

ಆ ಕಡೆ ಸ್ಕೂಟರು ನಿಂತ ಸದ್ದಾಯಿತು. "ಇದು ನಮ್ಮ ಯಾರ ತಲೆಗೂ ಬಂದಿಲ್ಲ ನೋಡಿ. ಮನೆ ಒಳಗಿಂದು ನಿಮ್ಮ ಕೈಯಲ್ಲೇ ಇದೆ, ಮೂರನೇ ಪುಟ, ಅಲ್ಲಿ ಟಿಕ್ ತೆಗೀರಿ. ಹೊರಗೆ ಕಂಪನಿಯವರು ಏನು ಮಾಡ್ತಾರೋ ನಾನು ಹೇಳೋಕಾಗಲ್ಲ. ಕೇಳ್ತೀನಿ. ಕೇಳಿದ್ರೆ ನಗ್ತಾರೆ, ಆದ್ರೂ ಕೇಳ್ತೀನಿ."

ಟಿಕ್ ತೆಗೆದಳು. ಎಲ್ಲ ಸರಿಯಾಯಿತು, ಯಾರಿಗೂ ತಿಳಿಯದಂತೆ ಹಾಳಾದದ್ದು ಯಾರಿಗೂ ತಿಳಿಯದಂತೆ ಸರಿಯಾಯಿತು. ಇಲ್ಲಿಗೆ ಬಿಟ್ಟರೆ? ಮಗಳಿಗೆ ಹೇಳಿ ದೊಡ್ಡಮ್ಮನನ್ನು ಟ್ಯಾಬಿನ ಮುಂದೆ ಕೂರಿಸಿದರೆ, ಕಂಪನಿಯದೇ ಏನೋ ತೊಂದರೆಯಂತೆ, ಈಗ ಸರಿಹೋಯಿತಂತೆ ಎಂದರೆ, ಸುಳ್ಳೇನೂ ಪೂರ್ತಿ ಸುಳ್ಳಲ್ಲ. ಆದರೆ ಅಕ್ಕ ಕೂರುವುದಿಲ್ಲ. ತಂತಿ ಸರಿಹೋಗಿದೆಯೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅವಳ ಪಾಲಿಗೆ ಕೆಟ್ಟದ್ದು ತಂತಿಯಲ್ಲವೇ ಅಲ್ಲ. ತಾನು ಕುರುಡಾಗುತ್ತಿದ್ದೇನೆ ಎಂದಾಗ ಗೆಳತಿ ನಕ್ಕಳು, ಅಷ್ಟೇ. ಆ ನಗು ಯಾರ ಬೆರಳಿನಿಂದ ತಡವಾಯಿತೆಂದು ತಿಳಿಯದ ಹೊರತು ಅದು ಹಾಗೇ ಅವಳ ಕಣ್ಣಮುಂದೆ ಇರುತ್ತದೆ. ಕತ್ತಲೆ ಬಂದ ಮೇಲೂ ಇರುತ್ತದೆ.

"ನೀನು ಬಾ, ನಾನು ಹೇಳ್ತೀನಿ, ನೀನು ಕೈಯಲ್ಲಿ ಹೇಳು," ಎಂದು ಮಗಳನ್ನು ಕರೆದಳು. ಮಗಳು ಎಲ್ಲ ಕೇಳಿ, ತಾಯಿಯ ಮುಖವನ್ನೇ ನೋಡಿದಳು. ಬೈಯುತ್ತಾಳೆಂದುಕೊಂಡರೆ, ಹುಡುಗಿ ಮೆಲ್ಲಗೆ, "ಬೇಡಮ್ಮ. ಇದನ್ನ ನೀನೇ ಹೇಳು," ಎಂದಳು.

"ನನಗೆ ಬರಲ್ವಲ್ಲೇ."

"ಬಂದಷ್ಟು."

ಅಕ್ಕ ಮಹಡಿಯ ಕೋಣೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ತಂಗಿ ಲ್ಯಾಪ್‌ಟಾಪನ್ನು ಮಗುವಿನಂತೆ ಎದೆಗವಚಿಕೊಂಡು ಹೋಗಿ ಮಂಚದ ಮೇಲಿಟ್ಟಳು. ಪೆಟ್ಟಿಗೆಯ ಪುಟ ತೋರಿಸಿದಳು. ಫೋನು, ಲ್ಯಾಪ್‌ಟಾಪು, ಒಂದೊಂದು ಸಾಲಿಗೂ ಒಂದೊಂದು ವಸ್ತುವನ್ನು ಬೆರಳಿನಿಂದ ತೋರಿಸಿ, ಹೆಸರಿಲ್ಲದ ಸಾಲಿಗೆ ಬಂದು, ಮೇಜಿನ ಮೇಲೆ ಮಗುಚಿ ಇಟ್ಟಿದ್ದ ಟ್ಯಾಬನ್ನು ತೋರಿಸಿದಳು. ಹೆಬ್ಬೆರಳು ತೋರುಬೆರಳುಗಳ ನಡುವೆ ಕೂದಲೆಳೆಯಷ್ಟು ಸಂದು ಮಾಡಿ ಹಿಡಿದಳು. ದಾರಿ ಇಷ್ಟೇ ಇತ್ತು. ಆಮೇಲೆ ತನ್ನ ಎದೆಯನ್ನು ತಾನೇ ಮುಟ್ಟಿಕೊಂಡಳು. ನಾನು. ಅಕ್ಕನ ಹುಬ್ಬು ಗಂಟಾಯಿತು, ಬಿಡಿಸಿಕೊಂಡಿತು. ಚಪ್ಪಟೆ ದಿಣ್ಣೆಗಳ ಚಿತ್ರವನ್ನು ತಲೆ ಸ್ವಲ್ಪ ಎಡಕ್ಕೆ ವಾಲಿಸಿ, ಬಲಗಣ್ಣನ್ನು ಬಿಟ್ಟು ಎಡಗಣ್ಣಿನಿಂದ ನೋಡಿದಳು. ಎಷ್ಟು ದಿನದಿಂದ ಹೀಗೆ ತಲೆ ವಾಲಿಸಿ ನೋಡುತ್ತಿದ್ದಾಳೋ. ಹತ್ತು ದಿಣ್ಣೆಗಳನ್ನು ಎಣಿಸಿ, ನೆಲಕ್ಕಂಟಿದ ಗೆರೆಯ ಮೇಲೆ ಬೆರಳಿಟ್ಟಳು. ನಿಂತಳು. ತನ್ನನ್ನು ತೋರಿಸಿಕೊಂಡು, ಅಂಗೈಯನ್ನು ಮೇಲೆ ಮಾಡಿ, ಹುಬ್ಬೇರಿಸಿದಳು. ಅದು ಯಾವ ಶಾಲೆಯ ಭಾಷೆಯೂ ಬೇಡದ ಪ್ರಶ್ನೆ. ನನ್ನನ್ನು ಯಾಕೆ ಕೇಳಲಿಲ್ಲ?

ತಂಗಿಯ ಕೈಗಳು ಮೇಲೆದ್ದು ಹಾಗೇ ನಿಂತವು. ಬಾ, ಹೋಗು, ಊಟ, ಮಲಗು. ಯಾವುದೂ ಇದಕ್ಕೆ ಒದಗುವಂತಿರಲಿಲ್ಲ. ಅವಳು ತಿರುಗಿದಳು. ಅಕ್ಕನಿಗೆ ಬೆನ್ನು ಮಾಡಿ ಗೋಡೆಯ ಕಡೆ ನಿಂತು, ಇಲ್ಲದ ಒಲೆಯ ಮೇಲೆ ಇಲ್ಲದ ರೊಟ್ಟಿ ಮಗುಚುತ್ತ, ಗೋಡೆಗೆ ಗಟ್ಟಿಯಾಗಿ, "ಏಳನೇದು ಯಾರದು?" ಎಂದಳು. ಸುಣ್ಣದ ಗೋಡೆಗೆ ಮುಖ ಹಚ್ಚಿ ನಿಂತಾಗ ಅವಳಿಗೆ ತನ್ನ ಬೆನ್ನು ಮೊದಲ ಸಲ ಗೊತ್ತಾಯಿತು, ರವಿಕೆಯ ಗುಂಡಿ, ಬೆವರು, ಜಡೆ, ಎಲ್ಲವೂ. ಅಕ್ಕ ನಲವತ್ತು ವರ್ಷದಿಂದ ಓದಿಕೊಂಡು ಬಂದಿರುವುದು ಇದನ್ನೇ. ತಿರುಗಲು ಹೆದರಿಕೆಯಾಯಿತು. ಭುಜದ ಮೇಲೆ ಕೈ ಬಿತ್ತು. ಅಕ್ಕ ಅವಳನ್ನು ತಿರುಗಿಸಿ, ಮೊಣಕೈಗೆ ಒಂದು ಪೆಟ್ಟು ಕೊಟ್ಟಳು. ಮೆತ್ತಗಲ್ಲ, ಉರಿಯುವಂತೆಯೇ. ಅವಳ ಕಣ್ಣೆರಡೂ ತುಂಬಿದ್ದವು. ತಂಗಿ ಬಲಗಣ್ಣನ್ನೇ ನೋಡಿದಳು. ಹೊರಗಿನಿಂದ ಏನೂ ಗೊತ್ತಾಗುವಂತಿರಲಿಲ್ಲ.

ಅಕ್ಕ ಮುಖ ಒರೆಸಿಕೊಂಡು ಟ್ಯಾಬು ಮೇಲೆ ಮಾಡಿ ನಿಲ್ಲಿಸಿದಳು. ಕುರ್ಚಿಯನ್ನು ಬೆಳಕಿಗೆ ತಿರುಗಿಸಿದಳು. ಆದರೆ ತಾನು ಕೂರಲಿಲ್ಲ, ತಂಗಿಯನ್ನು ತೋಳು ಹಿಡಿದು ಕೂರಿಸಿದಳು. ಕರೆ ಹೋಯಿತು. ಆ ಕಡೆಯವರು ತುಂಬಾ ಹೊತ್ತು ಎತ್ತಲಿಲ್ಲ, ಇನ್ನೇನು ನಿಂತೇಹೋಯಿತು ಎನ್ನುವಾಗ ತೆರೆ ಬೆಳಗಿತು. ನರೆತ ಕೂದಲಿನ, ಕನ್ನಡಕದ ಹೆಂಗಸು. ಎದುರಿಗೆ ಅಪರಿಚಿತ ಮುಖ ಕಂಡು ಅವಳಿಗೆ ಗಾಬರಿಯಾಯಿತು. ಅವಳ ಬೆರಳು, ರೆಪ್ಪೆ, ತುಟಿಯ ಅಂಚು, ಒಂದೂ ಎಲ್ಲಿಯೂ ನಿಲ್ಲದೆ, ಕೈಯಳತೆಯಲ್ಲೇ ಕೂತಿದ್ದಾಳೆ ಎನ್ನುವಷ್ಟು ಸ್ಪಷ್ಟವಾಗಿ ಚಲಿಸಿದವು. ಅವಳು ಎದೆಗೆ ಕೈಯಿಟ್ಟು ಏನೋ ಕೇಳಿದಳು. ಅಕ್ಕನಿಗೆ ಏನಾಯಿತು ಎಂದಿರಬೇಕು. ಅಕ್ಕ ಪಕ್ಕದಿಂದ ಬಾಗಿ ಮುಖ ತೋರಿಸಿದಳು, ಇದ್ದೇನೆ ಎಂಬಂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಕ್ಕ ಹಿಂದೆ ಸರಿದು, ಮಂಚದ ಮೇಲೆ ಕೂತು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ನೀನು ಹೇಳು.

ತಂಗಿ ಹೇಳಿದಳು. ತನ್ನನ್ನು ತೋರಿಸಿಕೊಂಡಳು. ಎರಡು ಬೆರಳಿನ ನಡುವೆ ಸಂದು ತೋರಿಸಿದಳು. ಆ ಹೆಂಗಸನ್ನು ತೋರಿಸಿ ನಗುವ ಬಾಯಿ ಮಾಡಿದಳು, 'ಬಾ' ಎಂಬುದನ್ನು ತುಂಬಾ ತುಂಬಾ ನಿಧಾನವಾಗಿ ಮಾಡಿದಳು. ನಿನ್ನ ನಗು ತಡವಾಗಿ ಬಂತು. ಅಕ್ಕನನ್ನು ತೋರಿಸಿ, ತನ್ನ ಬಲಗಣ್ಣನ್ನು ಅಂಗೈಯಿಂದ ಪಕ್ಕದಿಂದ ಮೆಲ್ಲಗೆ ಮುಚ್ಚುತ್ತ ಬಂದಳು. ಆಗ ತೆರೆಯ ಮೇಲಿನ ಮುಖ ಬದಲಾಯಿತು. ಕನ್ನಡಕ ತೆಗೆದು ಮುಂದಕ್ಕೆ ಬಾಗಿದ ಹೆಂಗಸು ಎರಡೂ ಕೈಗಳಿಂದ ಒಂದೇ ಉಸಿರಿಗೆ ಏನೇನೋ ಕೇಳಿದಳು. ಬೆರಳುಗಳು ಹಕ್ಕಿಗಳ ಹಿಂಡು ಎದ್ದಂತೆ ಎದ್ದು, ತಿರುಗಿ, ಇಳಿದವು. ತಂಗಿಗೆ ಅದರಲ್ಲಿ ಒಂದೂ ಸಿಗಲಿಲ್ಲ. ಅರ್ಥವಾಯಿತು ಎಂಬಂತೆ ತಲೆಯಾಡಿಸಲು ಕುತ್ತಿಗೆ ತಾನಾಗಿ ಸಿದ್ಧವಾಯಿತು, ಮೇಜಿನ ತುದಿಯಲ್ಲಿ ಕೂತ ಅಕ್ಕ ನಗುವವರನ್ನು ಕಂಡು ನಗುತ್ತಿದ್ದ ಹಾಗೆ. ಅವಳು ಕುತ್ತಿಗೆಯನ್ನು ತಡೆದಳು. ಹಿಂದಿರುಗಿ ಅಕ್ಕನನ್ನು ನೋಡಿ, ಖಾಲಿ ಕೈಗಳನ್ನು ಚಾಚಿ, ತೆರೆಯ ಕಡೆ ತೋರಿಸಿ, ತಿಳಿಯಲಿಲ್ಲ ಎಂದು ಮುಖವನ್ನೆಲ್ಲ ಚಿವುಟಿಕೊಂಡಳು.

ಅಕ್ಕನ ಕೈಗಳು ಮಡಿಲಿನಿಂದ ಎದ್ದವು. ಎಡ ಅಂಗೈಯನ್ನು ಬಿಚ್ಚಿ ಹಿಡಿದು, ಬಲಗೈಯ ಬೆರಳ ತುದಿಗಳನ್ನು ಸೇರಿಸಿ, ಸಣ್ಣದೊಂದು ಕಮಾನು ಬರೆದು ಅದರ ಮೇಲಿಳಿಸಿದಳು. ಕಾದಳು. ತಂಗಿ ತನ್ನ ಎಡ ಅಂಗೈ ಬಿಚ್ಚಿದಳು. ಬಲಗೈಯ ಬೆರಳುಗಳು ಸೇರಲಿಲ್ಲ, ಹೆಬ್ಬೆರಳು ಹೊರಗುಳಿಯಿತು. ಅಕ್ಕ ಎದ್ದು ಬಂದು ಆ ಹೆಬ್ಬೆರಳನ್ನು ಹಿಡಿದು ಉಳಿದವುಗಳ ಜೊತೆಗೆ ಸೇರಿಸಿ, ಬಿಟ್ಟಳು.

ತಂಗಿ ತೆರೆಯ ಕಡೆ ತಿರುಗಿ, ಕಮಾನು ಬರೆದು, ಕೈಯನ್ನು ಅಂಗೈಯ ಮೇಲಿಳಿಸಿದಳು. ಇನ್ನೊಮ್ಮೆ.

ದೂರದ ಊರಿನ ಹೆಂಗಸು ಕನ್ನಡಕ ಹಾಕಿಕೊಂಡು, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಮೊದಲ ಪದದಿಂದ, ನಿಧಾನವಾಗಿ, ಮತ್ತೆ ಹೇಳತೊಡಗಿದಳು.